ಎರಡೂವರೆ ಸಾವಿರ ಸುತ್ತು

ಕಾವೇರಿಯ ದಂಡೆಯ ಮೇಲೆ ಒಂದು ಆಶ್ರಮವಿತ್ತು.

ಆಶ್ರಮ ಎಂದು ಕರೆಯುವವನು ನಾನೊಬ್ಬನೇ. ಬೇರೆಯವರ ಕಣ್ಣಿಗೆ ಅದು ತಗಡು ಹೊದಿಸಿದ ಶೆಡ್ಡು, ಒಂದು ಲೇತು, ಒಂದು ವೆಲ್ಡಿಂಗ್ ಯಂತ್ರ, ಹಿಂದೆ ಒಂದು ಅತ್ತಿಮರ. ಆದರೆ ಅಲ್ಲಿ ಗುರು ಇದ್ದರು, ಶಿಷ್ಯೆ ಇದ್ದಳು, ಮಾತು ಕಡಿಮೆ ಇತ್ತು. ಆಶ್ರಮಕ್ಕೆ ಇನ್ನೇನು ಬೇಕು?

ಗುರುವಿನ ಹೆಸರು ವೀರಭದ್ರಾಚಾರಿ. ಎಪ್ಪತ್ತು ದಾಟಿದವರು. ಎಲ್ಲರೂ ಆಚಾರ್ರು ಅನ್ನುತ್ತಿದ್ದರು. ಅವರಪ್ಪ ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಟ್ಟುತ್ತಿದ್ದರು. ಇವರು ಟಾರ್ಕ್ ಕನ್ವರ್ಟರ್ ಬಿಚ್ಚಿ ಕಟ್ಟುತ್ತಿದ್ದರು.

ಆಟೋಮ್ಯಾಟಿಕ್ ಕಾರಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕುಂಬಳಕಾಯಿ ಗಾತ್ರದ ಒಂದು ಉಕ್ಕಿನ ಡಬ್ಬಿ ಇರುತ್ತದೆ. ಅದೇ ಕನ್ವರ್ಟರ್. ಒಳಗೆ ಎದುರುಬದುರು ರೆಕ್ಕೆಗಳು, ನಡುವೆ ಆಯಿಲ್. ಎಂಜಿನ್ ಈ ಕಡೆಯ ರೆಕ್ಕೆಗಳನ್ನು ತಿರುಗಿಸಿದರೆ ಆಯಿಲ್ ಹೋಗಿ ಆ ಕಡೆಯ ರೆಕ್ಕೆಗಳನ್ನು ತಳ್ಳುತ್ತದೆ. ಕಾರು ಓಡುತ್ತದೆ.

ಡಬ್ಬಿಯನ್ನು ಲೇತಿನ ಮೇಲೆ ಸೀಳಬೇಕು. ರೆಕ್ಕೆಗಳನ್ನು ಬೇಕಾದಷ್ಟು ಬಾಗಿಸಬೇಕು. ಮತ್ತೆ ಬೆಸುಗೆ ಹಾಕಿ ಮುಚ್ಚಬೇಕು. ಆಚಾರ್ರ ಕೆಲಸ ಇಷ್ಟೇ.

ಅಲ್ಲಿ ಒಂದು ಕಟ್ಟಳೆ ಇತ್ತು. ಡಬ್ಬಿ ಮುಚ್ಚುವವರು ಮುಚ್ಚುವ ಮುಂಚೆ ಅದರ ಒಳಗೆ ತಮ್ಮ ಹೆಸರು ಕೊರೆಯಬೇಕು.

"ಒಳಗೆ ಕೊರೆದರೆ ಯಾರು ನೋಡ್ತಾರೆ ಆಚಾರ್ರೇ?" ಶಿಷ್ಯೆ ಮೊದಲ ವಾರವೇ ಕೇಳಿದ್ದಳು.

"ಕೆಟ್ಟಾಗ ಬಿಚ್ಚಿದವನು ನೋಡ್ತಾನೆ."

"ಕೆಡದೇ ಇದ್ದರೆ?"

"ಯಾರೂ ನೋಡಲ್ಲ."

ಶಿಷ್ಯೆಯ ಹೆಸರು ಇಂದುಮತಿ. ವಯಸ್ಸು ಇಪ್ಪತ್ತೊಂಬತ್ತು. ಅವಳು ಬಂದದ್ದು ಒಂದೇ ಒಂದು ಕಾರಿಗಾಗಿ.

ಕಾರು ಅವಳ ಅಣ್ಣ ಲೋಹಿತನದು. ಸಕ್ಕರೆ ಕಾರ್ಖಾನೆಯ ಯಾವ ಕಾಲದ್ದೋ ಮ್ಯಾನೇಜರು ಬಿಟ್ಟುಹೋಗಿದ್ದ, ಉದ್ದ ಮೂತಿಯ, ಆರು ಸಿಲಿಂಡರಿನ ಆಟೋಮ್ಯಾಟಿಕ್ ಕಾರು. ಲೋಹಿತ ಅದರ ಎಂಜಿನ್ನನ್ನು ನಾಲ್ಕು ವರ್ಷ ಕೂತು ಹೊಸದಾಗಿ ಕಟ್ಟಿದ್ದ. ಏನು ಮಾಡಿದೆ, ಎಷ್ಟು ಮಾಡಿದೆ ಎಂದು ಒಂದಕ್ಷರ ಬರೆದಿಟ್ಟಿರಲಿಲ್ಲ.

ಎಂಜಿನ್ ಕಾರಿಗೆ ಇಳಿಸಿದ ವಾರದಲ್ಲೇ ಅವನಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಹೋದವು. ಮಾತು ಹೋಯಿತು. ಒಂದೇ ಒಂದು ಶಬ್ದ ಉಳಿಯಿತು.

ಊಟ ಬೇಕಾ ಅಂದರೆ, "ಪರವಾಗಿಲ್ಲ."

ಕಿಟಕಿ ತೆಗೀಲಾ ಅಂದರೆ, "ಪರವಾಗಿಲ್ಲ."

ಡಾಕ್ಟರು ನಿಮ್ಮ ಹೆಸರೇನು ಅಂದರೆ, "ಪರವಾಗಿಲ್ಲ."

ಮಂಚದಿಂದ ಬಿದ್ದ ದಿನವೂ ಅಷ್ಟೇ ಅಂದ.

ಕಾರಿನ ಸುದ್ದಿ ಅವನ ಮುಂದೆ ಎತ್ತಬೇಡ ಎಂದು ಅವ್ವ ಹೇಳಿದ್ದಳು. ಇಂದುಮತಿ ಕಾರಿಗೆ ಟಾರ್ಪಾಲು ಹೊದಿಸಿ, ಒಂದು ದಿನ ಲಾರಿಗೆ ಹೇರಿಸಿ, ಹೊಳೆದಂಡೆಯ ಈ ಶೆಡ್ಡಿಗೆ ತಂದಳು.

"ವರ್ಷಕ್ಕೊಂದು ಸಲ ಹಳೇ ರನ್‌ವೇ ಮೇಲೆ ನೆಟ್ಟಗಿನ ಓಟ ಇಡ್ತಾರೆ ಆಚಾರ್ರೇ. ಅಲ್ಲಿ ಈ ಎಂಜಿನ್ ಒಂದು ಸಲ ಓಡಬೇಕು. ಅಣ್ಣ ಕಟ್ಟಿದ್ದು ಏನು ಅಂತ ಗೊತ್ತಾಗಬೇಕು."

"ಯಾರಿಗೆ?"

"ಎಲ್ಲರಿಗೂ."

ಆಚಾರ್ರು ಕಾರಿನ ಸುತ್ತ ಒಂದು ಸುತ್ತು ಬಂದರು. ಬಾನೆಟ್ ಎತ್ತಲಿಲ್ಲ.

"ಪೊರಕೆ ಅಲ್ಲಿದೆ," ಅಂದರು.

ಒಂದೂವರೆ ವರ್ಷ ಇಂದುಮತಿ ಗುಡಿಸಿದಳು, ಆಯಿಲ್ ಬಸಿದಳು, ಲೇತು ಕಲಿತಳು, ಬೆಸುಗೆ ಕಲಿತಳು. ಬೇರೆಯವರ ಡಬ್ಬಿಗಳ ಒಳಗೆ ಹದಿಮೂರು ಸಲ ತನ್ನ ಹೆಸರು ಕೊರೆದಳು. ಒಂದೂ ವಾಪಸು ಬರಲಿಲ್ಲ.

ಓಟಕ್ಕೆ ಎರಡು ತಿಂಗಳು ಇದ್ದಾಗ ಕೇಳಿದಳು.

"ಅಣ್ಣನ ಕಾರಿಗೆ ಎಷ್ಟರ ಸ್ಟಾಲ್ ಇಡಲಿ ಆಚಾರ್ರೇ?"

ಸ್ಟಾಲ್ ಅಂದರೆ ಕಷ್ಟದ ವಿಷಯವೇನಲ್ಲ. ಗೇರ್ ಹಾಕಿ, ಬ್ರೇಕನ್ನು ಗಟ್ಟಿಯಾಗಿ ಒತ್ತಿ, ಆಕ್ಸಿಲರೇಟರನ್ನು ಪೂರ್ತಿ ತುಳಿಯಬೇಕು. ಕಾರು ಅಲುಗುವುದಿಲ್ಲ, ಎಂಜಿನ್ ಮಾತ್ರ ಏರುತ್ತದೆ. ಏರಿ ಏರಿ ನಿಮಿಷಕ್ಕೆ ಎಷ್ಟು ಸುತ್ತಿಗೆ ನಿಲ್ಲುತ್ತದೋ ಅದು ಸ್ಟಾಲ್. ಓಟದ ಎಂಜಿನ್ನಿಗೆ ತಳದಲ್ಲಿ ಜೀವ ಇರುವುದಿಲ್ಲ. ಮೇಲೆ ಎಲ್ಲೋ ಒಂದು ಕಡೆ ಎಚ್ಚರವಾಗುತ್ತದೆ. ಆ ಜಾಗಕ್ಕೆ ಏರಿ ನಿಂತಿದ್ದು, ಬ್ರೇಕ್ ಬಿಟ್ಟ ಕೂಡಲೇ ನೆಗೆಯಲಿ ಎಂದು ಎತ್ತರದ ಸ್ಟಾಲ್ ಇಡುತ್ತಾರೆ.

"ನೀನೇನು ಅಂದ್ಕೊಂಡಿದ್ದೀಯ?" ಆಚಾರ್ರು ಕೇಳಿದರು.

"ನಾಲ್ಕು ಸಾವಿರ. ಹೋದ ವರ್ಷ ಗೆದ್ದ ಕಾರಿನಲ್ಲಿ ನಾಲ್ಕು ಸಾವಿರ ಇತ್ತಂತೆ."

"ಸರಿ."

"ಸರೀನಾ?"

"ನಾಲ್ಕು ಸಾವಿರ ಅಂದ್ಯಲ್ಲ. ಮಾಡು."

ಶೆಡ್ಡಿನ ಮೂಲೆಯಲ್ಲಿ ಕಬ್ಬಿಣದ ಚೌಕಟ್ಟಿನ ಮೇಲೆ ಒಂದು ಹಳೇ ಟ್ಯಾಕ್ಸಿಯ ಎಂಜಿನ್ ಇತ್ತು. ಯಾವ ಕನ್ವರ್ಟರ್ ಕಟ್ಟಿದರೂ ಮೊದಲು ಬೋಲ್ಟ್ ಬಿಗಿದು ಅದಕ್ಕೆ ಜೋಡಿಸಿ ಪರೀಕ್ಷೆ, ಬೆಸುಗೆ ಆಮೇಲೆ. ಇಂದುಮತಿ ರೆಕ್ಕೆ ಬಾಗಿಸಿದಳು, ಜೋಡಿಸಿದಳು, ನೋಡಿದಳು. ಬಿಚ್ಚಿದಳು, ಇನ್ನಷ್ಟು ಬಾಗಿಸಿದಳು. ಒಂಬತ್ತನೆಯ ದಿನ ಮುಳ್ಳು ಸರಿಯಾಗಿ ನಾಲ್ಕು ಸಾವಿರಕ್ಕೆ ನಿಂತಿತು.

ಒಳಗೆ ಹೆಸರು ಕೊರೆದಳು. ಹೆಸರಿನ ಕೆಳಗೆ ನಾಲ್ಕು ಸಾವಿರ ಎಂದೂ ಕೊರೆದಳು. ಮುಚ್ಚಿ ಬೆಸುಗೆ ಹಾಕಿದಳು.

ಆಚಾರ್ರು ಬೀಡಿ ಸೇದುತ್ತಾ ಹೊಳೆ ನೋಡುತ್ತಿದ್ದರು.

ಮಾರನೆಯ ಬೆಳಗ್ಗೆ ಕಾರನ್ನು ಕಾಲುವೆ ರಸ್ತೆಗೆ ತಂದರು. ರಸ್ತೆಯಲ್ಲಿ ಮೂರು ಎಮ್ಮೆ ಇದ್ದವು. ಹೋದ ಸಲ ಹೇಳುವಾಗ ಐದು ಅಂದಿದ್ದೆ. ಮೂರು ಅಂತಲೇ ಇಟ್ಟುಕೊಳ್ಳಿ. ಇಂದುಮತಿ ಬ್ರೇಕ್ ಒತ್ತಿ ಆಕ್ಸಿಲರೇಟರ್ ತುಳಿದಳು.

ಮುಳ್ಳು ನಾಲ್ಕು ಸಾವಿರದಲ್ಲಿ ನಿಲ್ಲಲಿಲ್ಲ. ಐದು ಸಾವಿರ ದಾಟಿತು. ಐದು ಸಾವಿರದ ಇನ್ನೂರಕ್ಕೆ ಹೋಗಿ ಕಿರುಚಿಕೊಂಡು ನಿಂತಿತು.

ಅವಳು ಬ್ರೇಕ್ ಬಿಟ್ಟಳು. ಎಂಜಿನ್ ಕಿರುಚುತ್ತಲೇ ಇತ್ತು, ಕಾರು ಮಾತ್ರ ಎಮ್ಮೆ ಎದ್ದ ಹಾಗೆ ಎದ್ದಿತು. ನಾಲ್ಕು ಸಲ ಪ್ರಯತ್ನಪಟ್ಟಳು, ನಾಲ್ಕು ಸಲವೂ ಹೀಗೇ ಆಯಿತು. ಐದನೆಯ ಸಲ ಸುಟ್ಟ ವಾಸನೆ ಬಂತು.

ಶೆಡ್ಡಿಗೆ ತಂದು ಆಯಿಲ್ ಬಸಿದರು. ಕೆಂಪಗಿರಬೇಕಾದ ಆಯಿಲ್ ಕಾಫಿ ಕಷಾಯದ ಹಾಗಿತ್ತು. ಗೇರ್‌ಬಾಕ್ಸಿನೊಳಗೆ ಗೇರನ್ನು ಹಿಡಿದಿಡುವ ಪ್ಲೇಟುಗಳು ಅರ್ಧ ಕರಕಲಾಗಿದ್ದವು.

"ಬೇರೆ ಪ್ಲೇಟ್ ಇದೆಯಾ ಆಚಾರ್ರೇ?"

"ಈ ಗೇರ್‌ಬಾಕ್ಸಿಗೆ ನನ್ನ ಹತ್ರ ಒಂದೇ ಸೆಟ್ ಇದೆ. ಈ ಸೀಮೆಯಲ್ಲಿ ಎಲ್ಲೂ ಸಿಗಲ್ಲ. ಅದನ್ನೂ ಸುಟ್ಟರೆ ಈ ಕಾರು ಇನ್ನು ಓಡಲ್ಲ."

ಅವಳು ಕನ್ವರ್ಟರನ್ನು ಲೇತಿಗೆ ಹಾಕಿ ಸೀಳಿದಳು. ಒಳಗೆ ತನ್ನ ಹೆಸರು ಕಾಣಿಸಿತು. ಅಕ್ಷರಗಳ ಸಂದಿಯಲ್ಲಿ ಮಸಿ ಕೂತಿತ್ತು.

"ನೋಡಿದ್ಯಾ?" ಆಚಾರ್ರು ಅಂದರು.

"ನೋಡಿದೆ."

"ಒರೆಸಬೇಡ."

ಮೂರು ದಿನ ಅವಳು ಯಾವ ಕೆಲಸವನ್ನೂ ಮುಟ್ಟಲಿಲ್ಲ. ನಾಲ್ಕನೆಯ ದಿನ ಬಂದು ಗುರುವಿನ ಎದುರು ಕೂತಳು.

"ನಾನು ನಾಲ್ಕು ಸಾವಿರಕ್ಕೇ ಮಾಡಿದ್ದೆ. ಮುಳ್ಳು ಅಲ್ಲಿಗೇ ನಿಂತಿತ್ತು. ಇಲ್ಲಿ ನಾಲ್ಕು, ಅಲ್ಲಿ ಐದು ಚಿಲ್ಲರೆ. ಡಬ್ಬಿ ಅದೇ, ರೆಕ್ಕೆ ಅದೇ. ಸುಳ್ಳು ಹೇಳಿದ್ದು ಯಾವುದು?"

ಆಚಾರ್ರು ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ಬಾ. ಹೊಳೆ ದಾಟೋಣ."

ದಡದಲ್ಲಿ ಅಂಬಿಗ ಕಾಳಿಂಗನ ಹರಿಗೋಲು ಇತ್ತು. ಬುಟ್ಟಿಯಂಥ ಆ ದೋಣಿಯಲ್ಲಿ ಮೂವರೂ ಕೂತರು. ಆಚಾರ್ರು ಕಾಳಿಂಗನ ಹುಟ್ಟನ್ನು ತೆಗೆದು ದಡಕ್ಕೆ ಎಸೆದರು. ಅದರ ಬದಲು ಅಂಗೈಯಗಲದ ಒಂದು ಬಿದಿರ ಸೀಳನ್ನು ಇಂದುಮತಿಯ ಕೈಗೆ ಕೊಟ್ಟರು.

"ಹಾಕು."

ಅವಳು ಹಾಕಿದಳು. ಬಿದಿರು ನೀರನ್ನು ಸೀಳಿಕೊಂಡು ಹೋಯಿತು, ಹರಿಗೋಲು ನಿಂತಲ್ಲೇ ನಿಂತಿತು. ಕಾಳಿಂಗ ನಕ್ಕ.

"ಅವ್ವಾ, ಇದ್ರಲ್ಲಿ ಮಜ್ಜಿಗೆ ಕಡೀಬೋದು, ಹೊಳೆ ದಾಟಕ್ಕಾಗಲ್ಲ."

"ನಗಬೇಡ ಕಾಳಿಂಗ, ಎಣಿಸು," ಅಂದರು ಆಚಾರ್ರು. "ಮಗ, ಮೈಯಲ್ಲಿರೋ ಶಕ್ತಿ ಎಲ್ಲಾ ಹಾಕು."

ಒಂದು ನಿಮಿಷ ಅವಳು ಉಸಿರು ಕಟ್ಟಿ ಹಾಕಿದಳು.

"ಮೂವತ್ತೆಂಟು," ಅಂದ ಕಾಳಿಂಗ.

"ಈಗ ನೀನು ಹಾಕು."

ಕಾಳಿಂಗ ಅದೇ ಸೀಳನ್ನು ತೆಗೆದುಕೊಂಡ. ಅವನ ತೋಳು ಅತ್ತಿಮರದ ಕೊಂಬೆಯ ಹಾಗಿತ್ತು. ಬಿದಿರು ಕಣ್ಣಿಗೆ ಕಾಣದ ಹಾಗೆ ಆಡಿತು, ನೊರೆ ಎದ್ದಿತು, ಇಂದುಮತಿಯ ಮುಖಕ್ಕೆಲ್ಲ ನೀರು ಎರಚಿತು. ಹರಿಗೋಲು ಒಂದು ಮಾರು ಮುಂದೆ ಹೋಗಿ ಸುಮ್ಮನೆ ಸುತ್ತತೊಡಗಿತು.

"ಎಷ್ಟಾಯ್ತು?" ಆಚಾರ್ರು ಕೇಳಿದರು.

ಇಂದುಮತಿ ಎಣಿಸುತ್ತಿದ್ದಳು. "ಐವತ್ತು."

"ಈ ಬಿದಿರಿನ ಸಂಖ್ಯೆ ಯಾವುದು? ಮೂವತ್ತೆಂಟೋ, ಐವತ್ತೋ?"

ಅವಳು ಬಿದಿರ ಸೀಳನ್ನು ನೋಡಿದಳು. ಕಾಳಿಂಗನ ತೋಳನ್ನು ನೋಡಿದಳು. ನೀರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ಯಾರ ಕೈಯಲ್ಲಿ ಅಂತ ಹೇಳಿ," ಅಂದಳು.

ಆಚಾರ್ರು ಮಂಡಿಯುದ್ದದ ನೀರಿಗೆ ಇಳಿದು ದಡಕ್ಕೆ ನಡೆದುಬಿಟ್ಟರು.

ಅವಳು ಹಿಂದೆಯೇ ಓಡಿದಳು.

"ಆಚಾರ್ರೇ! ಟ್ಯಾಕ್ಸಿ ಎಂಜಿನ್ ನನ್ನ ಕೈ. ಅಣ್ಣನ ಎಂಜಿನ್ ಕಾಳಿಂಗನ ಕೈ. ಅಲ್ವಾ? ಸಂಖ್ಯೆ ಡಬ್ಬಿ ಒಳಗಿರಲಿಲ್ಲ. ಹೋದ ವರ್ಷ ಗೆದ್ದವನ ನಾಲ್ಕು ಸಾವಿರ ಯಾವ ಎಂಜಿನ್ ಮೇಲಿನದೋ ಏನೋ!"

"ಸೀರೆ ಹಿಂಡ್ಕೋ," ಅಂದರು. ಅವಳು ತೊಟ್ಟಿದ್ದದ್ದು ಪ್ಯಾಂಟು. ಆಚಾರ್ರು ಹಿಂದೆ ತಿರುಗಿ ನೋಡಿರಲಿಲ್ಲ.

"ಮೊದಲೇ ತಡೀಬಹುದಿತ್ತಲ್ಲ ನೀವು?"

"ಆಗ ನೀನು ಸಂಖ್ಯೆ ಕೇಳ್ತಿದ್ದೆ."

"ಈಗ?"

"ಈಗ ಏನು ಕೇಳ್ತೀಯ?"

ಅವಳು ಯೋಚಿಸಿದಳು. "ಅಣ್ಣನ ಎಂಜಿನ್ ಎಲ್ಲಿ ಎಚ್ಚರ ಆಗುತ್ತೆ? ಅದನ್ನ ಕೇಳ್ತೀನಿ."

"ಕಟ್ಟಿದವನನ್ನ ಕೇಳು."

"ಅವನಿಗೆ ಮಾತು ಬರಲ್ಲ ಆಚಾರ್ರೇ. ನಿಮಗೆ ಗೊತ್ತಲ್ಲ."

"ಕಿವಿಗೂ ಲಕ್ವ ಹೊಡೆದಿದೆಯಾ?"

ಎರಡು ವರ್ಷ ಅವಳು ಅಣ್ಣನ ಕೋಣೆಯ ಬಾಗಿಲಲ್ಲಿ ನಿಂತು ಔಷಧಿ, ಊಟ, ಸ್ನಾನ ಎಂದು ಮಾತಾಡಿದ್ದಳು. ಕಾರಿನ ಬಗ್ಗೆ ಪುಸ್ತಕಗಳನ್ನು ಕೇಳಿದ್ದಳು, ಗೆದ್ದವರನ್ನು ಕೇಳಿದ್ದಳು, ಫೋನಿನಲ್ಲಿ ಯಾರು ಯಾರನ್ನೋ ಕೇಳಿದ್ದಳು.

ಆಚಾರ್ರು ಪೆಟ್ಟಿಗೆಯಿಂದ ಕೊನೆಯ ಸೆಟ್ ಪ್ಲೇಟ್ ತೆಗೆದು ಅವಳ ಮುಂದಿಟ್ಟರು.

"ಗೇರ್‌ಬಾಕ್ಸ್ ಕಟ್ಟು. ಕಾರಿನ ಜೊತೆ ಬಂದಿದ್ದ ಹಳೇ ಕನ್ವರ್ಟರನ್ನೇ ಹಾಕು."

"ಅದರಲ್ಲಿ ಎಂಜಿನ್ ತಳದಿಂದ ಮೇಲಕ್ಕೆ ನಿಧಾನಕ್ಕೆ ಏರುತ್ತೆ ಆಚಾರ್ರೇ. ಓಟಕ್ಕೆ ಆಗಲ್ಲ."

"ಓಟಕ್ಕೆ ಯಾರು ಹೇಳಿದ್ರು? ನಿಧಾನಕ್ಕೆ ಏರಲಿ. ಪ್ರತಿ ಮೆಟ್ಟಿಲೂ ಕೇಳಿಸಬೇಕು."

ಭಾನುವಾರ ಬೆಳಗ್ಗೆ ಕಾರು ಮನೆಯ ಮುಂದೆ ನಿಂತಿತು. ಅವ್ವ ಹೊಸಿಲಲ್ಲೇ ಅಡ್ಡ ನಿಂತಳು.

"ಬೇಡ ಕಣೆ ಇಂದೂ. ನೋಡಿ ಸಂಕಟ ಪಟ್ಕೊಳ್ತಾನೆ."

"ಎರಡು ವರ್ಷದಿಂದ ಪಡ್ತಾ ಇಲ್ಲ ಅಂತ ಯಾರು ಹೇಳಿದ್ರವ್ವ?"

ಅವ್ವ ಪಕ್ಕಕ್ಕೆ ಸರಿದಳು.

ಲೋಹಿತನನ್ನು ಎತ್ತಿ ಮುಂದಿನ ಸೀಟಿನಲ್ಲಿ ಕೂರಿಸಿದರು. ಕತ್ತಿನ ಹಿಂದೆ ಮಡಿಸಿದ ಟವೆಲ್ ಇಟ್ಟರು. ಅವನು ಎಡಗೈಯಿಂದ ಡ್ಯಾಶ್‌ಬೋರ್ಡಿನ ಧೂಳನ್ನು ಒಂದು ಸಲ ಒರೆಸಿದ.

"ಆರಾಮಾಗಿದ್ದೀಯಾ ಅಣ್ಣ?"

"ಪರವಾಗಿಲ್ಲ."

ಆಚಾರ್ರು ಹಿಂದಿನ ಸೀಟಿನಲ್ಲಿ ಕೂತು ಕಣ್ಣು ಮುಚ್ಚಿದರು. ಗೊರಕೆಯೂ ಬಂತು. ಅದು ನಿಜವಾದ ಗೊರಕೆ ಎಂದು ಅವರು ಆಮೇಲೆ ನನ್ನ ಹತ್ತಿರ ಆಣೆ ಮಾಡಿದರು, ನಾನು ನಂಬಿಲ್ಲ.

ಕಾಲುವೆ ರಸ್ತೆ ನೆಟ್ಟಗಿತ್ತು. ಇಂದುಮತಿ ಗೇರನ್ನು ಎರಡರಲ್ಲೇ ಕಟ್ಟಿಹಾಕಿ ಆಕ್ಸಿಲರೇಟರ್ ತುಳಿದಳು. ಎಂಜಿನ್ ಮುಲುಕಿತು.

ಸಾವಿರದ ಐನೂರು.

"ಪರವಾಗಿಲ್ಲ," ಅಂದ ಲೋಹಿತ.

ಎರಡು ಸಾವಿರ.

"ಪರವಾಗಿಲ್ಲ."

ಎರಡೂವರೆ ಸಾವಿರ. ಕಾರು ಭಾರವಾಗಿ ಓಡುತ್ತಿತ್ತು.

"ಪರವಾಗಿಲ್ಲ. ಪರವಾಗಿಲ್ಲ."

ಮೂರು ಸಾವಿರ.

"ಪರವಾಗಿಲ್ಲ."

ಮೂರು ಸಾವಿರದ ಇನ್ನೂರು. ಎಂಜಿನ್ನಿನ ದನಿ ಬದಲಾಯಿತು. ಗಂಟಲು ಸರಿಮಾಡಿಕೊಂಡು ಯಾರೋ ಹಾಡು ಎತ್ತಿಕೊಂಡ ಹಾಗಿತ್ತು.

ಲೋಹಿತ ಸುಮ್ಮನಾದ.

ಮುಳ್ಳು ನಾಲ್ಕು ಸಾವಿರ ದಾಟಿತು, ಐದು ದಾಟಿತು. ಅವನ ತುಟಿ ಅಲುಗಲಿಲ್ಲ. ಎಡಗಾಲಿನ ಬೆರಳುಗಳು ಚಪ್ಪಲಿಯೊಳಗೆ ಬಿಗಿಯಾಗಿದ್ದವು. ಐದು ಸಾವಿರದ ನಾನೂರರಲ್ಲಿ ದನಿ ಬಳಲಿತು.

"ಪರವಾಗಿಲ್ಲ," ಅಂದ.

ಹಿಂದಿನ ಸೀಟಿನ ಗೊರಕೆ ನಿಂತಿತು.

"ಇನ್ನೊಂದು ಸಲ."

ಇನ್ನೊಂದು ಸಲ ಓಡಿಸಿದಳು. ಮತ್ತೊಂದು ಸಲ ಓಡಿಸಿದಳು. ಮೂರು ಸಲವೂ ಅವನ ಮಾತು ಅದೇ ಜಾಗದಲ್ಲಿ ನಿಂತಿತು, ಅದೇ ಜಾಗದಲ್ಲಿ ಶುರುವಾಯಿತು.

ಇಂದುಮತಿ ಕಾರನ್ನು ಬದಿಗೆ ನಿಲ್ಲಿಸಿ ಸ್ಟಿಯರಿಂಗಿನ ಮೇಲೆ ಹಣೆ ಇಟ್ಟಳು. ಅಣ್ಣನ ಎಡಗೈ ಬಂದು ಅವಳ ಬೆನ್ನ ಮೇಲೆ ಕೂತಿತು.

"ಪರವಾಗಿಲ್ಲ," ಅಂದ ಲೋಹಿತ.

ಸೋಮವಾರ ಅವಳು ಸೀಳಿಟ್ಟಿದ್ದ ಡಬ್ಬಿಯನ್ನು ಎತ್ತಿಕೊಂಡಳು. ರೆಕ್ಕೆಗಳನ್ನು ವಾಪಸು ಬಾಗಿಸತೊಡಗಿದಳು. ಕಾರಿನಲ್ಲಿ ಮೂರು ಸಾವಿರದ ಇನ್ನೂರು ಬರಬೇಕೆಂದರೆ ಟ್ಯಾಕ್ಸಿ ಎಂಜಿನ್ನಿನ ಮೇಲೆ ಎಷ್ಟು ಬರಬೇಕೆಂದು ಅವಳು ಲೆಕ್ಕ ಹಾಕಿದ್ದಳು. ಆಚಾರ್ರು ಆ ಲೆಕ್ಕವನ್ನು ಕೇಳಲಿಲ್ಲ. ಹನ್ನೊಂದನೆಯ ದಿನ ಮುಳ್ಳು ಎರಡೂವರೆ ಸಾವಿರಕ್ಕೆ ನಿಂತಿತು.

ಮುಚ್ಚುವ ಮುಂಚೆ ಉಕ್ಕಿನ ಮೊಳೆ ಹಿಡಿದು ಅವಳು ಕೈ ತಡೆದಳು.

"ಆಚಾರ್ರೇ, ಇದರಲ್ಲಿ ಅಣ್ಣನ ಹೆಸರು ಕೊರೀಲಾ? ಸಂಖ್ಯೆ ಅವನದ್ದು."

"ನಾಳೆ ಇದು ಸುಟ್ಟರೆ ಬೈಸಿಕೊಳ್ಳೋದು ಯಾರು?"

"ನಾನು."

"ಮತ್ತೆ?"

ಮಸಿ ಕೂತಿದ್ದ ಹಳೆಯ ಹೆಸರಿನ ಪಕ್ಕದಲ್ಲೇ ಅವಳು ಇನ್ನೊಂದು ಸಲ ತನ್ನ ಹೆಸರು ಕೊರೆದಳು. ಸಂಖ್ಯೆ ಕೊರೆಯಲಿಲ್ಲ. ಬೆಸುಗೆ ಹಾಕಿದಳು.

ಓಟದ ದಿನ ರನ್‌ವೇ ಬಿಸಿಲಿಗೆ ಬೆಳ್ಳಗಿತ್ತು. ಒಂದು ಕಡೆ ಕಾರುಗಳ ಸಾಲು, ಇನ್ನೊಂದು ಕಡೆ ಜನ. ದೂರದ ತುದಿಯಲ್ಲಿ ಹೊತ್ತು ತೋರಿಸುವ ಬೋರ್ಡು. ಒಂದು ಕಾರಿಗೆ ಒಂದೇ ಓಟ. ಹಗ್ಗದ ಪಕ್ಕದಲ್ಲಿ ಗಾಲಿಕುರ್ಚಿಯಲ್ಲಿ ಲೋಹಿತ ಕೂತಿದ್ದ. ಆಚಾರ್ರು ಅವನ ತಲೆಗೆ ಕೊಡೆ ಹಿಡಿದು ನಿಂತಿದ್ದರು.

ಹೋದ ವರ್ಷ ಗೆದ್ದವನು ತನ್ನ ಕಾರಿನಿಂದ ಇಳಿದು ಬಂದ.

"ಮೇಡಂ, ನೀವು ಎಷ್ಟರ ಸ್ಟಾಲ್ ಹಾಕ್ಸಿದ್ದೀರಿ?"

"ನಮ್ಮ ಶೆಡ್ಡಿನ ಎಂಜಿನ್ ಮೇಲೆ ಎರಡೂವರೆ."

"ಎರಡೂವರೆ?" ಅವನು ಗೆಳೆಯರ ಕಡೆ ತಿರುಗಿದ. "ಲೋ, ಇವರು ಓಟಕ್ಕೆ ಬಂದಿಲ್ಲ ಕಣ್ರೋ, ತರಕಾರಿ ತರಕ್ಕೆ ಬಂದವ್ರೆ!"

ಗೆಳೆಯರು ನಕ್ಕರು. ಹೋದ ತಿಂಗಳಾಗಿದ್ದರೆ ಇಂದುಮತಿಯ ಕಿವಿ ಕೆಂಪಾಗುತ್ತಿತ್ತು.

"ನಿಮ್ಮ ನಾಲ್ಕು ಯಾರ ಎಂಜಿನ್ ಮೇಲೆ ಸಾರ್?" ಅಂತ ಕೇಳಿದಳು.

ಅವನಿಗೆ ಪ್ರಶ್ನೆ ಅರ್ಥವಾಗಲಿಲ್ಲ. ಅವಳು ಹೆಲ್ಮೆಟ್ ಹಾಕಿಕೊಂಡಳು.

ಎರಡು ಕಾರುಗಳೂ ಗೆರೆಗೆ ಬಂದವು. ಅವಳು ಬ್ರೇಕ್ ಒತ್ತಿ ಹಿಡಿದಳು. ಆಕ್ಸಿಲರೇಟರನ್ನು ಪೂರ್ತಿ ತುಳಿದಳು. ಮುಳ್ಳು ಏರಿತು. ಮೂರು ಸಾವಿರ. ಮೂರು ಸಾವಿರದ ಇನ್ನೂರು. ನಿಂತಿತು.

ಕಾಲುವೆ ರಸ್ತೆಯಲ್ಲಿ ಕೇಳಿದ್ದ ದನಿಯೇ ಅದು. ಗಂಟಲು ಸರಿಮಾಡಿಕೊಂಡು, ಇನ್ನೇನು ಹಾಡು ಎತ್ತಿಕೊಳ್ಳಬೇಕು.

ಹಸಿರು ದೀಪ ಹತ್ತಿತು.

ಆಮೇಲಿನದನ್ನು ನಾನು ಎಷ್ಟು ಬಣ್ಣ ಹಚ್ಚಿ ಬೇಕಾದರೂ ಹೇಳಬಲ್ಲೆ. ಹಚ್ಚುವುದಿಲ್ಲ. ಅವಳ ಬೆನ್ನು ಸೀಟಿಗೆ ಅಂಟಿತು, ರನ್‌ವೇ ಒಂದು ಬಿಳಿ ಪಟ್ಟಿಯಾಯಿತು, ಪಕ್ಕದ ಕಾರು ಎಲ್ಲಿದೆ ಎಂದು ನೋಡಲು ಅವಳಿಗೆ ನೆನಪಾಗಲಿಲ್ಲ. ಅಷ್ಟರಲ್ಲಿ ತುದಿ ಬಂದಿತ್ತು.

ಅವಳು ನಿಧಾನಕ್ಕೆ ಕಾರು ತಿರುಗಿಸಿಕೊಂಡು ಬಂದಳು. ಇಳಿದಳು. ಮೊದಲು ಬಗ್ಗಿ ಕಾರಿನ ಅಡಿಯ ವಾಸನೆ ನೋಡಿದಳು. ಸುಟ್ಟ ವಾಸನೆ ಇರಲಿಲ್ಲ. ಹೆಲ್ಮೆಟ್ ಕೈಯಲ್ಲಿ ಹಿಡಿದು ಹಗ್ಗದ ಹತ್ತಿರ ಓಡಿದಳು. ಜನ ಏನೇನೋ ಕೂಗುತ್ತಿದ್ದರು, ಅವಳಿಗೆ ಒಂದೂ ಬಿಡಿಸಿ ಕೇಳಿಸಲಿಲ್ಲ.

ಲೋಹಿತನ ಕಣ್ಣು ಇನ್ನೂ ಕಾರಿನ ಮೇಲಿತ್ತು. ಕೆನ್ನೆ ಒದ್ದೆಯಾಗಿತ್ತು.

"ಏನಾಯ್ತು ಆಚಾರ್ರೇ? ಬೋರ್ಡ್‌ನಲ್ಲಿ ಎಷ್ಟು ಬಂತು? ಗೆದ್ದೆನಾ?"

ಆಚಾರ್ರು ಕೊಡೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿಕೊಂಡರು.

"ಬೋರ್ಡ್ ನನ್ನ ಬೆನ್ನ ಹಿಂದೆ ಇತ್ತು ಮಗ, ನಾನು ನಿಮ್ಮಣ್ಣನ ಕಡೆ ತಿರುಗಿ ನಿಂತಿದ್ದೆ. ನೀನು ಹೊರಟಾಗಿಂದ ಆ ತುದಿ ಮುಟ್ಟೋವರೆಗೂ ಅವನು ಒಂದು ಸಲಾನೂ ಪರವಾಗಿಲ್ಲ ಅನ್ನಲಿಲ್ಲ."